ಅತ್ತೆಮನೆಗೆ ಹೋಗಿಬಂದ ಚಾಕು

"ಇದು ನಾಲ್ಕನೇದು," ಎಂದು ಹಗ್ಗದಕ್ಕ ಕೊನೆಯ ಚಾಕುವಿನ ಅಲಗು ಬಿಚ್ಚಿ ಬಿಳಿ ಬಟ್ಟೆಯ ಮೇಲಿಟ್ಟಳು. "ನೀವೇ ನೋಡಿ. ನನಗಂತೂ ನೋಡಿ ನೋಡಿ ಕಣ್ಣಲ್ಲಿ ನೀರು ಬರ್ತಾ ಇದೆ."

ಪತ್ತೇದಾರನ ಕಣ್ಣು ಒಣಗಿಯೇ ಇತ್ತು. ಅದು ಒಣಗಿ ವಾರವಾಗಿತ್ತು.

ಚಾಕುಗಳಿಗೆ ಲೇಪ ಹಚ್ಚುವ ಕಾರ್ಖಾನೆಯ ಯಜಮಾನರು ಇದೇ ಪರೀಕ್ಷಾ ಕೋಣೆಯಲ್ಲಿ ಎದೆಗೆ ಚಾಕು ತಿಂದು ಬಿದ್ದದ್ದು, ಗಾಯದೊಳಗೆ ಡಾಕ್ಟರಿಗೆ ಕಪ್ಪು ಲೇಪದ ಒಂದು ಚೂರು ಸಿಕ್ಕಿದ್ದು, ಆ ಚೂರನ್ನು ನಂಬಿ ಪೊಲೀಸರು ಕಾರ್ಖಾನೆಯ ಮೇಸ್ತ್ರಿಯನ್ನು ಒಳಗೆ ಹಾಕಿದ್ದು, ಇಷ್ಟೇ ಈವರೆಗಿನ ಕಥೆ.

ಸತ್ತ ಯಜಮಾನರು ಪತ್ತೇದಾರನಿಗೆ ಅಕ್ಕನ ಗಂಡ. ಬರೀ ಭಾವ ಅಂದರೆ ಕಡಿಮೆ ಹೇಳಿದಂತೆ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಮೂಗು ಸೋರಿಸಿಕೊಂಡು ನಿಂತಿದ್ದವನನ್ನು ಮನೆಗೆ ತಂದು ಸಾಕಿ, ಓದಿಸಿ, ಮುಂದೆ ಅವನ ಮದುವೆ ಮುರಿದುಬಿದ್ದಾಗ ಮತ್ತೆ ಕರೆದು ಊಟ ಹಾಕಿದ ಮನುಷ್ಯ. ಅಂಥವರು ಸತ್ತರೆ ಎದೆ ಒಡೆಯಬೇಕು. ಇವನಿಗೆ ಏನೂ ಆಗಲಿಲ್ಲ. ಹಲ್ಲು ಕೀಳುವ ಮುನ್ನ ಸೂಜಿ ಚುಚ್ಚಿದರೆ ದವಡೆ ಹೇಗಾಗುತ್ತದೋ ಹಾಗಾಗಿದ್ದ. ಕಚ್ಚಿಕೊಂಡರೂ ತಿಳಿಯುತ್ತಿರಲಿಲ್ಲ.

ಮೈಮೇಲಿದ್ದದ್ದೂ ಭಾವನ ಕೋಟೇ. ಮಣ್ಣಿಗಿಟ್ಟು ಬಂದ ಮೇಲೆ ಅಕ್ಕ, "ಚಳಿ ಇದೆ, ಹಾಕ್ಕೋ ಪುಟ್ಟ," ಎಂದು ಕೊಟ್ಟಿದ್ದಳು. ನಲವತ್ತು ದಾಟಿದ, ತಲೆ ಅರ್ಧ ನರೆತ ಪುಟ್ಟ ಬಾಯಿ ಮುಚ್ಚಿಕೊಂಡು ಹಾಕಿಕೊಂಡಿದ್ದ. ಒಳಜೇಬಿನಲ್ಲಿ ಭಾವನ ಬೀಗದಕೈ ಗೊಂಚಲು ಇನ್ನೂ ಇತ್ತು. ನಡೆದಾಗಲೆಲ್ಲ ಭಾರವಾಗಿ ಪಕ್ಕೆಗೆ ಬಡಿಯುತ್ತಿತ್ತು. ತೆಗೆದಿಡಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದ, ಕೈ ಹೋಗುತ್ತಿರಲಿಲ್ಲ.

"ಮೇಸ್ತ್ರಿನ ಬಿಡಿಸ್ಕೊಂಡು ಬಾ," ಎಂದು ಅಕ್ಕ ಅವತ್ತೇ ಹೇಳಿದ್ದಳು. "ಇರುವೆ ಕಂಡ್ರೂ ದಾಟ್ಕೊಂಡು ಹೋಗೋ ಮನುಷ್ಯ ಅವನು. ಅವನು ಈಚೆ ಬಂದ್ರೆ ಸಾಕು. ಮಿಕ್ಕಿದ್ದನ್ನ ಪೊಲೀಸರಿಗೆ ಬಿಡು."

ಇನ್ಸ್‌ಪೆಕ್ಟರ್ ಕೊಟ್ಟ ಗಡುವು ಇವತ್ತಿನ ಸಂಜೆ. ಆಮೇಲೆ ಮೇಸ್ತ್ರಿಯ ಮೇಲೆ ಕೊಲೆಯ ಆರೋಪ ಹೊರಿಸಿ ಕೋರ್ಟಿಗೆ ಕಳಿಸುತ್ತಾರೆ. ಅಷ್ಟರೊಳಗೆ, ಸ್ಟೇಷನ್ನಿನಿಂದ ಕೇಳಿ ತಂದ ಈ ನಾಲ್ಕು ಚಾಕುಗಳಲ್ಲಿ ಒಂದಾದರೂ ಬಾಯಿ ಬಿಡಬೇಕು.

ಈ ನಾಲ್ಕೇ ಯಾಕೆಂದರೆ, ಆ ಲೇಪ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಮಾಮೂಲಿ ಕಪ್ಪಲ್ಲ ಅದು. ಬೆಳಕಿಗೆ ಓರೆಯಾಗಿ ಹಿಡಿದರೆ ಒಳಗಿನಿಂದ ನೇರಳೆ ಇಣುಕುತ್ತದೆ. ಭಾವ ವರ್ಷಗಟ್ಟಲೆ ಒದ್ದಾಡಿ ಕುದುರಿಸಿದ್ದು. ದಿನಬಳಕೆಯ ಮಡಚುವ ಚಾಕುವಿಗೆ ಹಚ್ಚಿದರೆ ಎಷ್ಟು ಕಾಲ ತಡೆಯುತ್ತದೆ ಎಂದು ನೋಡಲು ನಾಲ್ಕು ಚಾಕು ಮಾಡಿ ನಾಲ್ಕು ಜನರ ಜೇಬಿಗೆ ಹಾಕಿದ್ದರು. ಒಂದು ಅವರದೇ ಜೇಬಿಗೆ, ಒಂದು ಮೇಸ್ತ್ರಿಗೆ, ಒಂದು ಹಗ್ಗದಕ್ಕನಿಗೆ, ಒಂದು ಅವರ ತಮ್ಮನಿಗೆ. ಆ ತಮ್ಮನನ್ನು ಕಾರ್ಖಾನೆಯಲ್ಲಿ ಚಿಕ್ಕ ಯಜಮಾನ್ರು ಅನ್ನುತ್ತಾರೆ, ಮನೆಯಲ್ಲಿ ಚಿಕ್ಕೋನು.

ಷರತ್ತು ಒಂದೇ ಇತ್ತು. ಚಾಕುವಿಗೆ ಅಯ್ಯೋ ಪಾಪ ಅನ್ನಬಾರದು. ರಟ್ಟು ಕೊಯ್ಯಿ, ಹಣ್ಣು ಹೆಚ್ಚು, ಹಗ್ಗ ಕತ್ತರಿಸು, ಒರೆಸಿ ಜೇಬಿಗೆ ಹಾಕು. ಹೀಗೆ ಎರಡು ವರ್ಷ ಆಗಿತ್ತು.

ಐದನೆಯ ಚಾಕುವೂ ಒಂದಿತ್ತು, ಆದರೆ ಅದು ಲೆಕ್ಕಕ್ಕಿರಲಿಲ್ಲ. ಸವೆದದ್ದನ್ನು ಸವೆಯದ್ದರ ಪಕ್ಕ ಇಟ್ಟು ನೋಡಲೆಂದು ಅದನ್ನು ಯಾರೂ ಮುಟ್ಟದಂತೆ ಮರದ ಪೆಟ್ಟಿಗೆಯಲ್ಲಿ ಹತ್ತಿ ಸುತ್ತಿ ಇಟ್ಟಿದ್ದರು. ಅದಕ್ಕೆ ಇಲ್ಲಿ 'ತವರಿನ ಮಗಳು' ಎಂದು ಹೆಸರು. ಪೊಲೀಸರು ಪೆಟ್ಟಿಗೆ ತೆರೆದು, ಒಳಗೆ ಕರ್ರಗೆ ಹೊಸದಾಗಿ ಮಲಗಿದ್ದ ಅವಳನ್ನು ನೋಡಿ, ಮತ್ತೆ ಮುಚ್ಚಿ ಹೋಗಿದ್ದರು.

ತವರಿದ್ದ ಮೇಲೆ ಅತ್ತೆಮನೆಯೂ ಇರಬೇಕಲ್ಲ. ಅದು ಮೂಲೆಯಲ್ಲಿದ್ದ ಡ್ರಮ್ಮು. ಒಳಗೆ ದಪ್ಪ ಬಟ್ಟೆ ಹೊಲಿದಿತ್ತು. ಚಾಕುವನ್ನು ಮಡಚಿ, ಬೀಗದಕೈ, ಚಿಲ್ಲರೆ, ಒಂದು ಹಿಡಿ ಮರಳಿನ ಜೊತೆ ಹಾಕಿ ತಿರುಗಿಸಿದರೆ ಜೇಬಿನಲ್ಲಿ ವರ್ಷದಲ್ಲಿ ಆಗುವ ಸವೆತ ಒಂದು ಮಧ್ಯಾಹ್ನಕ್ಕೇ ಆಗಿಬಿಡುತ್ತಿತ್ತು. ಹೆಸರಿಟ್ಟವಳು ಹಗ್ಗದಕ್ಕ. ದಿನವಿಡೀ ಹಗ್ಗ ಕತ್ತರಿಸಿ ಅಲಗು ಪರೀಕ್ಷೆ ಮಾಡುವ ಆಕೆಗೆ ಅತ್ತೆಯ ಅನುಭವ ಸಾಕಷ್ಟಿತ್ತು.

ಪತ್ತೇದಾರ ಮೊದಲು ಮೇಸ್ತ್ರಿಯ ಚಾಕು ಎತ್ತಿಕೊಂಡ. ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಜಾಗದಲ್ಲಿ ಲೇಪ ಎದ್ದುಹೋಗಿತ್ತು. ಆ ನುಚ್ಚಿಗಾಗಿಯೇ ಮೇಸ್ತ್ರಿ ಲಾಕಪ್ಪಿನಲ್ಲಿ ಕೂತದ್ದು.

"ಇದಕ್ಕೆ ಮೇಸ್ತ್ರಿ ಏನಂತಾರೆ?"

"ಡಬ್ಬಿ ಮುಚ್ಚಳ ಮೀಟಿದ್ರಂತೆ. ಯಜಮಾನ್ರು ಬೈದಿದ್ದು ನಾನೇ ಕೇಳಿದೀನಿ. ಚಾಕು ಇರೋದು ಕೊಯ್ಯೋಕೆ, ಮೀಟೋಕೆ ನಿನ್ನ ಮೂಗಿಲ್ವಾ ಅಂದ್ರು. ಹೋದ ವರ್ಷದ ಮಾತು."

ಅವನು ಮಸೂರ ಹಿಡಿದ. ಲೇಪ ಎದ್ದ ಜಾಗದ ಅಂಚು ಚೂಪಾಗಿರಲಿಲ್ಲ. ಓಡಾಡಿ ಸವೆದ ಮೆಟ್ಟಿಲಿನ ಹಾಗೆ ನುಣ್ಣಗಾಗಿತ್ತು. ಒಳಗಿನ ಉಕ್ಕೂ ಮಂಕಾಗಿತ್ತು. ವಾರದ ಹಿಂದೆ ಎದ್ದಿದ್ದರೆ ಅಂಚು ಉಗುರಿಗೆ ಸಿಗಬೇಕಿತ್ತು, ಉಕ್ಕು ಹೊಳೆಯಬೇಕಿತ್ತು.

"ಹಳೇ ಗಾಯ," ಎಂದ.

"ಅದನ್ನೇ ನಾನು ಇನ್ಸ್‌ಪೆಕ್ಟರಿಗೆ ಹೇಳಿದ್ದು. ಅವರು ನನ್ನನ್ನ ಹೇಗೆ ನೋಡಿದ್ರು ಅಂದ್ರೆ, ನಾನೇ ಮಸಿ ಬಳ್ಕೊಂಡು ಬಂದಿದೀನೇನೋ ಅನ್ನೋ ಹಾಗೆ."

ಪತ್ತೇದಾರನಿಗೂ ಇನ್ಸ್‌ಪೆಕ್ಟರ್ ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದರು. ಹಳೇದೋ ಹೊಸದೋ ಅನ್ನೋದು ನಿಮ್ಮ ಕಣ್ಣಿನ ಮಾತು. ಚೂರು ಬಂದಿರೋದು ಇಂಥ ಚಾಕುವಿನಿಂದಲೇ, ಮೂರರ ತುದಿ ಸರಿ ಇದೆ, ಒಂದರದ್ದು ಇಲ್ಲ. ತುದೀಲಿ ಲೇಪ ಎದ್ದಿರೋ ಇನ್ನೊಂದು ಚಾಕು ತಂದು ತೋರ್ಸಿ, ನಿಮ್ಮ ಮೇಸ್ತ್ರಿನ ಜೀಪಲ್ಲೇ ಮನೆಗೆ ಬಿಡ್ತೀನಿ.

ಇನ್ನೊಂದು ಚಾಕುವೇ ಇಲ್ಲದಿದ್ದರೆ ಎಲ್ಲಿಂದ ತರುವುದು.

ಅವನು ಮಿಕ್ಕ ಮೂರನ್ನೂ ಸಾಲಾಗಿಟ್ಟು ನೋಡಿದ. ಭಾವನ ಚಾಕುವಿನ ಹಿಡಿ ಒಂದೇ ಮಗ್ಗುಲು ತುಕ್ಕುಡಬ್ಬಿಯಂತೆ ಗೀರಿಹೋಗಿತ್ತು, ಇನ್ನೊಂದು ಮಗ್ಗುಲು ಹೊಸದರಂತಿತ್ತು. ಹಗ್ಗದಕ್ಕನ ಅಲಗಿನಲ್ಲಿ ಬಾಯಿಯ ಉದ್ದಕ್ಕೂ ಲೇಪವೇ ಇಲ್ಲ, ಬೆನ್ನಿನ ಹತ್ತಿರ ಮತ್ತು ತುದಿಯಲ್ಲಿ ಮಾತ್ರ ಕಪ್ಪು ಉಳಿದಿತ್ತು. ಚಿಕ್ಕೋನದು ಎಲ್ಲ ಕಡೆಯೂ ಸಮವಾಗಿ ಸವೆದಿತ್ತು. ಈ ಮಗ್ಗುಲೂ ಅಷ್ಟೇ, ಆ ಮಗ್ಗುಲೂ ಅಷ್ಟೇ. ನೋಡಲು ಚೆನ್ನಾಗಿತ್ತು. ಅದೇ ಅವನಿಗೆ ಚೆನ್ನಾಗಿ ಕಾಣಲಿಲ್ಲ.

ಜೇಬು ಯಾವತ್ತೂ ಪಕ್ಷಪಾತಿ. ಮನುಷ್ಯ ದಿನವೂ ಅದೇ ಜೇಬಿಗೆ, ಅದೇ ಮಗ್ಗುಲಿಗೆ ಚಾಕು ಇಳಿಬಿಡುತ್ತಾನೆ. ತೊಡೆಯ ಕಡೆಗಿದ್ದದ್ದು ಉಳಿಯುತ್ತದೆ, ಬೀಗದಕೈಯ ಕಡೆಗಿದ್ದದ್ದು ಹಾಳಾಗುತ್ತದೆ. ಎರಡೂ ಕಡೆ ಸಮವಾಗಿ ಸವೆಸುವಷ್ಟು ನ್ಯಾಯ ಯಾವ ಜೇಬಿಗೂ ಇಲ್ಲ.

ಅವನು ಚಿಕ್ಕೋನ ಚಾಕು ಮಡಚಿದ, ಬಿಚ್ಚಿದ. ಭಾವನ ಮಾತು ನೆನಪಾಯಿತು. ಇದೇ ಮೇಜಿನ ಪಕ್ಕ ನಿಲ್ಲಿಸಿಕೊಂಡು ಹೇಳಿದ್ದು. ದನದ ವಯಸ್ಸು ಹಲ್ಲಲ್ಲಿ, ಚಾಕುವಿನ ವಯಸ್ಸು ಕೀಲಲ್ಲಿ.

ಅಲಗು ಜೇಬಿನೊಳಗೆ ತಾನಾಗಿ ಬಿಚ್ಚಿಕೊಳ್ಳದಿರಲೆಂದು ಹಿಡಿಯ ಒಳಗೆ ಸಾಸಿವೆಗಿಂತ ಚಿಕ್ಕ ಉಕ್ಕಿನ ಗುಂಡು ಒಂದಿರುತ್ತದೆ. ಪ್ರತಿ ಸಲ ಬಿಚ್ಚುವಾಗಲೂ ಮಡಚುವಾಗಲೂ ಅದು ಅಲಗಿನ ಬುಡವನ್ನು ಉಜ್ಜುತ್ತದೆ. ಉಜ್ಜಿ ಉಜ್ಜಿ ಅಲ್ಲೊಂದು ಬಿದಿಗೆ ಚಂದ್ರನಂಥ ಬಿಳಿ ಗೆರೆ ಮೂಡುತ್ತದೆ. ಎಂಥ ಗಟ್ಟಿ ಲೇಪವಾದರೂ ಆ ಗೆರೆಯಿಂದ ತಪ್ಪಿಸಿಕೊಳ್ಳಲಾರದು.

ಮೇಸ್ತ್ರಿಯ ಚಾಕುವಿನಲ್ಲಿ ಗೆರೆ ಇತ್ತು. ಭಾವನದರಲ್ಲೂ, ಹಗ್ಗದಕ್ಕನದರಲ್ಲೂ ಇತ್ತು. ಚಿಕ್ಕೋನದರಲ್ಲಿ ಕೂದಲೆಳೆಯಷ್ಟು ಮಸುಕು. ನಾಲ್ಕಾರು ಸಲ ಬಿಚ್ಚಿದ್ದರೆ ಆಗುವಷ್ಟು.

"ಆ ಪೆಟ್ಟಿಗೆ ಕೊಡಿ," ಎಂದ.

ಹತ್ತಿ ಸರಿಸಿ ತವರಿನ ಮಗಳನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದ. ನೇರಳೆ ಇಣುಕಲಿಲ್ಲ. ಅಲಗಿನ ಬೆನ್ನಿಗೆ ಉಗುರು ಹಾಕಿ ಕೆರೆದ. ಉಗುರಿನೊಳಗೆ ಕಪ್ಪು ಬಂತು. ಮಾಮೂಲಿ ಬಣ್ಣ. ಬಾಗಿಲ ಚಿಲಕಕ್ಕೆ ಬಳಿಯುವಂಥದ್ದು.

ಹಗ್ಗದಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಹಾಗಾದ್ರೆ ನಮ್ಮ ತವರಿನ ಮಗಳೆಲ್ಲಿ?"

"ಅತ್ತೆಮನೆಗೆ ಹೋಗಿಬಂದು ಇಲ್ಲೇ ಕೂತಿದಾಳೆ," ಎಂದು ಅವನು ಚಿಕ್ಕೋನ ಚಾಕು ತೋರಿಸಿದ. "ಡ್ರಮ್ಮು ಹೊರಗಿನ ಬಣ್ಣ ಕಳೆದಿದೆ. ಅಲಗಿಗೆ ಯಾರೋ ಉಪ್ಪುಕಾಗದ ಹಾಕಿ ಉಜ್ಜಿದಾರೆ. ಆದ್ರೆ ಬಾಯಿ ಬಿಚ್ಚೋದನ್ನ ಮಾತ್ರ ಕಲಿಸಿಲ್ಲ."

"ಈ ಕೋಣೆ ಬೀಗದಕೈ ಇರೋದು ಮೂರೇ ಜನರ ಹತ್ರ," ಎಂದಳು ಹಗ್ಗದಕ್ಕ ಮೆಲ್ಲಗೆ. "ಯಜಮಾನ್ರು, ಚಿಕ್ಕ ಯಜಮಾನ್ರು, ನಾನು. ನನ್ನ ಮೇಲೂ ಅನುಮಾನ ಪಡ್ಬೇಕು ನೀವು."

"ಪಡ್ತಿದ್ದೆ. ಆದ್ರೆ ನೀವು ಮಾಡಿದ್ರೆ ಕೀಲಿನ ಗೆರೆ ಮರೀತಿರ್ಲಿಲ್ಲ."

ಆಕೆಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಅವನಿಗೂ ತಿಳಿಯಲಿಲ್ಲ. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಎದ್ದ. ಬೇಟೆ ಸಿಕ್ಕ ಖುಷಿ ಅಂತ ಒಂದಿರುತ್ತದೆ, ಈ ಕಸುಬಿನಲ್ಲಿ ಇರುವುದು ಅದೊಂದೇ ಸುಖ. ಅದೂ ಬರಲಿಲ್ಲ. ಅಂಗಳ ದಾಟುವಾಗ ಗೊಂಚಲು ಪಕ್ಕೆಗೆ ಬಡಿಯುತ್ತಲೇ ಇತ್ತು.

ಚಿಕ್ಕೋನು ಪ್ಯಾಕಿಂಗ್ ಕೋಣೆಯಲ್ಲಿ ಒಬ್ಬನೇ ರಟ್ಟಿನ ಡಬ್ಬಗಳಿಗೆ ಟೇಪು ಅಂಟಿಸುತ್ತಿದ್ದ. ಟೇಪನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದ. ಇಬ್ಬರೂ ಓರಗೆಯವರು, ಒಂದೇ ಮನೆಯಲ್ಲಿ ಒಂದೇ ಹೊದಿಕೆಗೆ ಕಿತ್ತಾಡಿ ಬೆಳೆದವರು.

"ಚಾಕು ಕಾರ್ಖಾನೆ ಯಜಮಾನ, ಹಲ್ಲಲ್ಲಿ ಟೇಪು ಕಚ್ತೀಯಲ್ಲೋ," ಎಂದ ಪತ್ತೇದಾರ.

"ಇದ್ದ ಚಾಕುನ ಪೊಲೀಸರು ತಗೊಂಡ್ ಹೋದ್ರಲ್ಲ."

"ಕೇಳಿ ಇಸ್ಕೊಂಡು ಬಂದಿದೀನಿ. ತಗೋ. ಕತ್ತರಿಸು."

ಚಿಕ್ಕೋನು ಬಟ್ಟೆಯ ಗಂಟನ್ನೂ ಇವನ ಮುಖವನ್ನೂ ನೋಡಿದ. ನಕ್ಕ. ಚಾಕು ತೆಗೆದುಕೊಂಡು ಒಂದೇ ಕೈಯಲ್ಲಿ ಬಿಚ್ಚಲು ಹೋದ. ಹೆಬ್ಬೆರಳು ಜಾರಿತು. ಇನ್ನೊಂದು ಸಲ ತಳ್ಳಿದ. ಅಲಗು ಅರ್ಧ ಎದ್ದು ನಿಂತಿತು. ಕೊನೆಗೆ ಎರಡೂ ಕೈ ಹಾಕಿ ಬಿಚ್ಚಿದ.

"ಎರಡು ವರ್ಷ ಜೇಬಲ್ಲಿದ್ದ ಚಾಕು. ಹೆಬ್ಬೆರಳಿಗೆ ದಾರಿ ಗೊತ್ತಿಲ್ವಾ?"

"ಬಿಗಿಯಾಗಿದೆ. ಸ್ಟೇಷನ್ನಲ್ಲಿ ಏನೋ ಮಾಡಿದಾರೆ."

"ಸ್ಟೇಷನ್ನಲ್ಲಿ ಮನುಷ್ಯರನ್ನ ಬಿಗಿ ಮಾಡ್ತಾರೆ ಕಣೋ, ಚಾಕುನಲ್ಲ."

ಚಿಕ್ಕೋನು ಅಲಗನ್ನು ಮಡಚದೆ ಡಬ್ಬದ ಮೇಲಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ಪ್ಯಾಂಟಿನ ಜೇಬಿಗೆ ಹೋಗಿಬಂತು. ಬಲಗಡೆಯ ಜೇಬು. ಅಂಚಿನಲ್ಲಿ ಬಟ್ಟೆ ಸವೆದು ನೂಲು ಎದ್ದಿತ್ತು. ಎರಡು ವರ್ಷ ಒಂದು ಚಾಕು ದಿನವೂ ಹತ್ತಿಳಿದ ಗುರುತು.

"ನಿನ್ನ ಜೇಬು ನಿಜ ಹೇಳ್ತಿದೆ," ಎಂದ ಪತ್ತೇದಾರ. "ಚಾಕು ಸುಳ್ಳು ಹೇಳ್ತಿದೆ. ಕೀಲಿನ ಹತ್ರ ಗೆರೆ ಇಲ್ಲ. 'ತವರಿನ ಮಗಳ' ಪೆಟ್ಟಿಗೇಲಿ ಬಣ್ಣ ಬಳಿದ ಬೇರೆ ಚಾಕು ಇದೆ. ಇದನ್ನ ನೀನು ಡ್ರಮ್ಮಿಗೆ ಹಾಕಿ ಮುದಿ ಮಾಡಿದೀಯ. ನಿನ್ನದು ಎಲ್ಲಿ?"

"ನಾನು ಅಣ್ಣನ್ನ ಕೊಂದೆ ಅಂತೀಯಾ?"

"ನೀನು ಜಗಳ ಆಡಿದ್ದೆ."

"ಆಡಿದ್ದೆ. ಬೀದಿಗೆಲ್ಲ ಕೇಳೋ ಹಾಗೆ ಆಡಿದ್ದೆ. ಲೇಪ ಮಾರೋಣ, ಕೇಳ್ಕೊಂಡು ಬಂದಿದಾರೆ ಅಂದೆ. ತಡಿ, ಇನ್ನೂ ಒಂದು ವರ್ಷ ಜೇಬಲ್ಲಿರ್ಲಿ, ಜನ ನಂಬಿ ಕೊಂಡು ಆಮೇಲೆ ಸಿಪ್ಪೆ ಎದ್ದರೆ ಮುಖ ಎಲ್ಲಿಟ್ಕೊಳ್ಳೋದು ಅಂದ ಅಣ್ಣ. ಅದಕ್ಕೆ ಒಡಹುಟ್ಟಿದೋನನ್ನ ಕೊಲ್ತಾರೇನೋ?"

"ಅದಕ್ಕಿಂತ ಸಣ್ಣ ಮಾತಿಗೂ ಕೊಂದಿರೋರನ್ನ ನೋಡಿದೀನಿ."

ಚಿಕ್ಕೋನು ಟೇಪಿನ ಸುರುಳಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತ. ಅವನ ಗಡ್ಡ ಬೆಳೆದಿತ್ತು. ಕಣ್ಣು ಊದಿಕೊಂಡಿತ್ತು. ಇವನು ಅತ್ತಿದ್ದಾನೆ ಎಂದು ಪತ್ತೇದಾರ ಗಮನಿಸಿದ. ದಿನವೂ ಅತ್ತಿದ್ದಾನೆ. ಅದನ್ನು ಕಂಡು ಅವನಿಗೆ ಸಣ್ಣ ಹೊಟ್ಟೆಕಿಚ್ಚಾಯಿತು.

"ನೋಡು," ಎಂದ. "ಮೇಸ್ತ್ರಿ ಲಾಕಪ್ಪಿನಲ್ಲಿ ಕೂತು ವಾರ ಆಯ್ತು. ನಮ್ಮಿಬ್ಬರಿಗೂ ಸೈಕಲ್ ಕಲಿಸಿದ ಮೇಸ್ತ್ರಿ. ನೀನು ಬಿದ್ದು ಮೊಣಕಾಲು ಒಡ್ಕೊಂಡಾಗ ಹೊತ್ಕೊಂಡು ಬಂದ ಮೇಸ್ತ್ರಿ. ಸಂಜೆ ಅವನ ಮೇಲೆ ಕೊಲೆ ಕೇಸು ಬೀಳುತ್ತೆ. ಅವನ ಮುಂದೆ ನಿಂತು ಇದು ನನ್ನ ಚಾಕು ಅಂತ ಹೇಳ್ತೀಯಾ? ಹೇಳೋದಾದ್ರೆ ನಡಿ, ಈಗಲೇ ಹೋಗೋಣ."

ಚಿಕ್ಕೋನು ತಲೆ ಎತ್ತಲಿಲ್ಲ. "ನನ್ನ ಕೈಯಾರೆ ಮಾಡಿದ್ದು ಇಷ್ಟೇ ಕಣೋ," ಎಂದ. "ಚಾಕು ಬದಲಾಯಿಸಿದೆ. ಡ್ರಮ್ಮಿಗೆ ಹಾಕಿ, ಉಪ್ಪುಕಾಗದ ಉಜ್ಜಿ ಕೊಟ್ಟೆ. ಹೆದರಿ ಮಾಡಿದೆ. ಚಾಕು ಎಲ್ಲಿ ಅಂದ್ರೆ ನಾನು ಏನು ಹೇಳ್ಲಿ? ಎಲ್ಲರಿಗೂ ಜಗಳ ಗೊತ್ತು, ಚಾಕು ಬೇರೆ ಇಲ್ಲ."

"ಅದೇ ಕೇಳ್ತಿರೋದು. ಚಾಕು ಎಲ್ಲಿ?"

"ಕೊಟ್ಟಿದ್ದೆ."

"ಯಾರಿಗೆ?"

"ಕೇಳ್ಬೇಡ."

"ಯಾರಿಗೋ?"

"ಅತ್ತಿಗೆಗೆ."

ಹೊರಗೆ ಯಾರೋ ತಗಡು ಎಳೆಯುತ್ತಿದ್ದರು. ಪತ್ತೇದಾರ ಆ ಸದ್ದು ನಿಲ್ಲುವವರೆಗೆ ಕಾದ. ಚಿಕ್ಕೋನ ಅತ್ತಿಗೆ ಅಂದರೆ ತನ್ನ ಅಕ್ಕ ಎಂಬ ಲೆಕ್ಕ ಅವನ ತಲೆಯಲ್ಲಿ ಬೇರೆ ಯಾರದೋ ಮನೆಯ ಸಂಬಂಧದಂತೆ ನಿಧಾನವಾಗಿ ಇಳಿಯಿತು.

"ಅಣ್ಣ ಹೋಗೋಕೆ ಸ್ವಲ್ಪ ದಿನ ಮುಂಚೆ," ಎಂದ ಚಿಕ್ಕೋನು. "ಪಾರ್ಸೆಲ್ ಬಿಚ್ಚಬೇಕು, ಕೊಡು ಅಂದ್ರು. ಆಮೇಲೆ ಕೇಳಿದ್ರೆ ಎಲ್ಲೋ ಇಟ್ಟಿದೀನಿ ಅಂದ್ರು. ಪೊಲೀಸರು ಚಾಕು ತನ್ನಿ ಅಂದಾಗ ಮತ್ತೆ ಹೋಗಿ ಕೇಳ್ದೆ. ಕಳೆದ್ಹೋಯ್ತು ಅಂದ್ರು. ರೆಪ್ಪೆ ಕೂಡ ಮಿಟುಕಿಸ್ಲಿಲ್ಲ."

"ಪೊಲೀಸರಿಗೆ ಹೇಳ್ಬಹುದಿತ್ತು."

"ಏನಂತ ಹೇಳ್ಲಿ? ನಮ್ಮಿಬ್ಬರಿಗೂ ತಾಯಿ ಥರ ಅನ್ನ ಹಾಕಿದೋರು. ನೀನಾಗಿದ್ರೆ ಹೇಳ್ತಿದ್ಯಾ?"

ಹೇಳುತ್ತಿದ್ದೆ ಎನ್ನಲು ಪತ್ತೇದಾರ ಬಾಯಿ ತೆರೆದ. ಆಮೇಲೆ ಚಾಕು ಮಡಚಿ ಬಟ್ಟೆಯಲ್ಲಿ ಸುತ್ತಿ ಅಲ್ಲೇ ಬಿಟ್ಟು ಹೊರಗೆ ಬಂದ.

ಅಂಗಳದ ಹಿಂದೆಯೇ ಮನೆ. ಬಾಗಿಲು ತೆರೆದಿತ್ತು. ಅಕ್ಕ ನಡುಮನೆಯಲ್ಲಿ ಭಾವನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮಡಚಿದವು ಒಂದು ಕಡೆ, ಮುದುರಿದವು ಒಂದು ಕಡೆ.

"ಯಾರಿಗಾದ್ರೂ ಕೊಡ್ಬೇಕು," ಎಂದಳು ಅವನನ್ನು ಕಂಡು. "ಕೊಡೋ ಬಟ್ಟೇಲಿ ಸುಕ್ಕಿರ್ಬಾರದು. ಊಟ ಆಯ್ತಾ?"

"ಇಲ್ಲ."

"ಮೇಸ್ತ್ರಿ ಬರ್ತಾನಾ?"

"ಇನ್ನೊಂದು ಚಾಕು ಸಿಕ್ಕರೆ ಬರ್ತಾನೆ." ಅವನು ಬಾಗಿಲಿಗೆ ಒರಗಿ ನಿಂತ. "ಚಿಕ್ಕೋನು ಎಲ್ಲ ಹೇಳ್ದ. ಅವನ ಚಾಕು ಇಸ್ಕೊಂಡ್ಯಂತೆ. ಕಳೆದ್ಹೋಯ್ತು ಅಂದ್ಯಂತೆ."

"ಅಂದೆ."

"ಕಳೆದುಹೋಗಿದ್ಯಾ?"

"ಇಲ್ಲ."

ಅವಳು ಅಂಗಿಯ ಕಾಲರು ತಿರುಗಿಸಿ ಅಂಚಿನಿಂದ ನಡುವಿಗೆ ಇಸ್ತ್ರಿ ಎಳೆದಳು. ಇಡೀ ವಾರ ಅವಳೂ ಅತ್ತಿರಲಿಲ್ಲ. ಜನ ಮಾತಾಡಿಕೊಂಡಿದ್ದರು. ಅಕ್ಕ ತಮ್ಮ ಇಬ್ಬರೂ ಒಂದೇ ಕಲ್ಲಿನಲ್ಲಿ ಕೆತ್ತಿದವರು ಎಂದು. ತನ್ನ ಹಾಗೆ ಅವಳೂ ಮರಗಟ್ಟಿದ್ದಾಳೆ ಎಂದು ಅವನು ನಂಬಿದ್ದ. ಆ ಒಂದು ನಂಬಿಕೆ ಅವನಿಗೆ ಸ್ವಲ್ಪ ಜೊತೆ ಕೊಟ್ಟಿತ್ತು.

"ಎಲ್ಲಿದೆ ಅಕ್ಕ?"

"ನಿನ್ನ ಹತ್ರ."

ಅವನಿಗೆ ಅರ್ಥವಾಗಲಿಲ್ಲ.

"ಪೊಲೀಸರು ಮನೆ ಎಲ್ಲ ಹುಡುಕಿದ್ರು," ಎಂದಳು. "ಅಕ್ಕಿಡಬ್ಬ ಬಿಡ್ಲಿಲ್ಲ. ಹಾಸಿಗೆ ಬಿಚ್ಚಿ ನೋಡಿದ್ರು. ನಿನ್ನನ್ನ ಯಾರು ಹುಡುಕ್ತಾರೆ? ನೀನಂತೂ ಅವರ ಜೇಬಿಗೆ ಕೈ ಹಾಕಲ್ಲ. ಅವರು ಬದುಕಿದ್ದಾಗಲೇ ಹಾಕ್ತಿರ್ಲಿಲ್ಲ."

ಪತ್ತೇದಾರನ ಬಲಗೈ ಕೋಟಿನ ಒಳಜೇಬಿಗೆ ಇಳಿಯಿತು. ಬೀಗದಕೈಗಳು ಸಿಕ್ಕವು. ಅವುಗಳ ನಡುವೆ ಉದ್ದನೆಯ, ನುಣುಪಾದ, ತಣ್ಣಗಿನ ಇನ್ನೊಂದು ಸಿಕ್ಕಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಕೇಳಿ ನಕ್ಕವರಲ್ಲಿ ಅವನೂ ಒಬ್ಬ.

ಹೊರಗೆ ತೆಗೆದು ಹೆಬ್ಬೆರಳಿನಿಂದ ತಳ್ಳಿದ. ಅಲಗು ಬೆಣ್ಣೆಯಂತೆ ಬಿಚ್ಚಿಕೊಂಡಿತು. ಕೀಲಿನ ಹತ್ತಿರ ಬಿದಿಗೆ ಚಂದ್ರ ಬೆಳ್ಳಗಿದ್ದ. ತುದಿಯಲ್ಲಿ ಲೇಪ ಎದ್ದುಹೋದ ಜಾಗ ಹೊಚ್ಚಹೊಸದಾಗಿ ಹೊಳೆಯುತ್ತಿತ್ತು, ಅಂಚು ಉಗುರಿಗೆ ಸಿಗುತ್ತಿತ್ತು. ಹಿಡಿಯ ಒಂದು ಮಗ್ಗುಲ ತುಂಬ ಸಣ್ಣ ಸಣ್ಣ ಹೊಸ ಗೀರುಗಳು. ಭಾವನ ಬೀಗದಕೈಗಳು ಹಾಕಿದವು. ಅವನು ಪರೀಕ್ಷಾ ಕೋಣೆಗೆ, ಸ್ಟೇಷನ್ನಿಗೆ, ಮನೆಗೆ ಎಂದು ನಡೆದ ಹೆಜ್ಜೆಗೆಲ್ಲ ಬಿದ್ದವು. ವಾರದಿಂದ ಅವನೇ ಅದರ ಅತ್ತೆಮನೆಯಾಗಿದ್ದ.

"ನೀನಾ ಅಕ್ಕ?"

"ಕೊಂದೆ ಅಂತ ನಾನು ಹೇಳ್ಲಿಲ್ಲ. ಇಟ್ಟೆ ಅಂತ ಹೇಳ್ದೆ."

"ಭಾವ ನಮಗೆ ಏನು ಕಡಿಮೆ ಮಾಡಿದ್ರು?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದಳು. "ನಿನಗೆ ಅವರು ಅಪ್ಪ ಆಗಿದ್ರು," ಎಂದಳು. "ನನಗೆ ಏನಾಗಿದ್ರು ಅಂತ ನೀನು ಒಂದು ದಿನಾನೂ ಕೇಳ್ಲಿಲ್ಲ."

ಹೊರಗೆ ಜೀಪು ನಿಂತ ಸದ್ದಾಯಿತು.

ಅವನು ಅಲಗು ಮಡಚಿದ. ಜೇಬಿಗೆ ಹಾಕಲು ಹೊತ್ತಿರಲಿಲ್ಲ. ಚಾಕು ಮುಷ್ಟಿಯೊಳಗೆ ಉಳಿಯಿತು. ಇದನ್ನು ತೋರಿಸಿದರೆ ಮೇಸ್ತ್ರಿ ಮನೆಗೆ ಹೋಗುತ್ತಾನೆ, ಅಕ್ಕ ಜೀಪು ಹತ್ತುತ್ತಾಳೆ. ತೋರಿಸದಿದ್ದರೆ ಅಕ್ಕ ಇಲ್ಲೇ ಅಂಗಿ ಮಡಚುತ್ತಾಳೆ, ಇರುವೆ ತುಳಿಯದ ಮನುಷ್ಯ ಜೈಲಿಗೆ ಹೋಗುತ್ತಾನೆ.

ಇನ್ಸ್‌ಪೆಕ್ಟರ್ ಬಾಗಿಲಲ್ಲಿ ಟೋಪಿ ತೆಗೆದು ಅಕ್ಕನಿಗೆ ತಲೆ ಬಾಗಿಸಿದರು. "ತೊಂದ್ರೆ ಕೊಡ್ತಿದೀನಿ ಅಮ್ಮ." ಆಮೇಲೆ ಇವನ ಕಡೆ ತಿರುಗಿದರು. "ಏನ್ಸಾರ್, ಏನಾದ್ರೂ ಸಿಕ್ತಾ?"

ಅವನು ಉತ್ತರ ಹೇಳುವ ಮೊದಲೇ ಇನ್ಸ್‌ಪೆಕ್ಟರ ಕಣ್ಣು ಅವನ ಮುಖದಿಂದ ಹೆಗಲಿಗೆ, ಹೆಗಲಿನಿಂದ ಗುಂಡಿಗಳಿಗೆ ಇಳಿಯಿತು.

"ಇದು ಯಜಮಾನ್ರ ಕೋಟಲ್ವಾ?"

"ಹೌದು."

"ಗೇಟಿನವನು ಇವತ್ತು ಬಾಯಿ ಬಿಟ್ಟ. ಆ ದಿನ ಯಜಮಾನ್ರು ಈ ಬೂದುಬಣ್ಣದ ಕೋಟು ಹಾಕ್ಕೊಂಡೇ ಪರೀಕ್ಷಾ ಕೋಣೆಗೆ ಹೋದ್ರಂತೆ. ನಾವು ಬಂದಾಗ ಹೆಣದ ಮೇಲೆ ಕೋಟಿರ್ಲಿಲ್ಲ, ಕೋಣೇಲೂ ಇರ್ಲಿಲ್ಲ." ಅವರು ಕೈ ಚಾಚಿದರು. "ಸ್ವಲ್ಪ ಬಿಚ್ಚಿ ಕೊಡ್ತೀರಾ?"

ಪತ್ತೇದಾರ ಅಲ್ಲಾಡಲಿಲ್ಲ.

ಅಕ್ಕ ಇಸ್ತ್ರಿಯ ವೈರು ಕಿತ್ತಳು. ನಿಧಾನವಾಗಿ ನಡೆದು ಅವನ ಹಿಂದೆ ಬಂದು ಕೋಟಿನ ಕಾಲರು ಹಿಡಿದಳು. ಸ್ಕೂಲಿನಿಂದ ತೊಯ್ದು ಬಂದಾಗ ಹೀಗೇ ಹಿಡಿಯುತ್ತಿದ್ದಳು.

"ತೋಳು ಬಿಡು," ಎಂದಳು.

ಎಡತೋಳು ಸಲೀಸಾಗಿ ಬಿಟ್ಟುಕೊಂಡಿತು. ಬಲತೋಳು ಕೈವರೆಗೂ ಬಂದು ಮುಷ್ಟಿಗೆ ಸಿಕ್ಕಿಕೊಂಡಿತು. ಅವಳು ಮೆಲ್ಲಗೆ ಎಳೆದಳು. ಬರಲಿಲ್ಲ. ಚಾಕುವಿನ ಹಿಡಿ ಅಂಗೈಗೆ ಒತ್ತಿ ನೋಯುತ್ತಿತ್ತು. ಇಡೀ ವಾರದಲ್ಲಿ ಅವನಿಗೆ ನೋವಾದದ್ದು ಇದೇ ಮೊದಲು.

ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಮುಂದೆ ಬಂದರು.

"ಮುಷ್ಟಿ ಬಿಚ್ಚು, ಪುಟ್ಟ," ಎಂದಳು ಅಕ್ಕ.